ಮುಪ್ಪಿಗೊಂದು ಬುತ್ತಿ



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮುಂಬಯಿಗೆ ಬಂದವರು ನಾವು. ನಿವೃತ್ತರಾದ ಮೇಲೆ ಮಕ್ಕಳ ಮುಂದೆ ಕೈಚಾಚದೆ ಬಾಳಬೇಕೆಂಬುದು ನಮ್ಮೆಲ್ಲರ ಹಂಬಲ. ಅದಕ್ಕೆ ಬುತ್ತಿಯನ್ನು ಇಂದೇ ಕಟ್ಟಬೇಕಷ್ಟೆ.

ಬ್ಯಾಂಕಿನ ಗುಮಾಸ್ತರಾದ ನಾವೇ ಒಮ್ಮೆ ಎಡವಿದೆವು. ೨೦೨೦ರ ಮಾರ್ಚ್ ೨೩ರಂದು ಸೆನ್ಸೆಕ್ಸ್ ಒಂದೇ ದಿನ ೩,೯೦೦ಕ್ಕೂ ಹೆಚ್ಚು ಅಂಶ ಕುಸಿದು ೨೬,೦೦೦ಕ್ಕಿಂತ ಕೆಳಗಿಳಿಯಿತು. ಹೆದರಿ, ಮ್ಯೂಚುವಲ್ ಫಂಡಿನ ತಿಂಗಳ ಕಂತನ್ನು ನಿಲ್ಲಿಸಿಬಿಟ್ಟೆವು. ಅದೇ ವರ್ಷದ ಕೊನೆಗೆ ಸೂಚ್ಯಂಕ ೪೭,೦೦೦ ದಾಟಿತ್ತು! ಅಗ್ಗದ ಕಾಲದಲ್ಲಿ ಕೊಳ್ಳದೆ ಕೈ ಕೈ ಹಿಸುಕಿಕೊಂಡೆವು.

ಲೆಕ್ಕ ಸರಳವಾದುದು. ಫಂಡಿನ ಯೂನಿಟ್ಟಿಗೆ ೨೦ ರೂಪಾಯಿ ಇದ್ದಾಗ ಸಾವಿರ ರೂಪಾಯಿಗೆ ೫೦ ಯೂನಿಟ್ ಬರುತ್ತವೆ. ಧಾರಣೆ ೧೦ಕ್ಕೆ ಇಳಿದಾಗ ೧೦೦. ಮುಂದೆ ೧೫ಕ್ಕೆ ಏರಿದರೂ ಸಾಕು, ಹಾಕಿದ ೨,೦೦೦ ರೂಪಾಯಿ ೨,೨೫೦ ಆಗುತ್ತದೆ. ಅಕ್ಕಿ ಅಗ್ಗವಾದಾಗ ಚೀಲ ಕೊಳ್ಳುವ ನಮ್ಮ ತಾಯಂದಿರಿಗೆ ಇದನ್ನು ಹೇಳಿಕೊಡಬೇಕೇ?

ಆದರೆ ಚೇತರಿಕೆ ಯಾವಾಗಲೂ ಬೇಗ ಬಾರದು. ೨೦೦೮ರ ಜನವರಿಯಲ್ಲಿ ೨೧,೦೦೦ ಮುಟ್ಟಿ ಬಿದ್ದ ಸೂಚ್ಯಂಕ ಮತ್ತೆ ಆ ಮಟ್ಟ ಕಂಡದ್ದು ೨೦೧೦ರ ನವೆಂಬರಿನಲ್ಲಿ. ಆದ್ದರಿಂದ ನಾಲ್ಕೈದು ವರ್ಷಗಳಲ್ಲಿ ಬೇಕಾಗುವ ಹಣ, ಮಕ್ಕಳ ಕಾಲೇಜಿನ ಫೀಸು, ಷೇರುಪೇಟೆಯಲ್ಲಿ ಬೇಡ. ಒಂದು ಪಾಲು ಹದಿನೈದು ವರ್ಷದ ಪಿ.ಪಿ.ಎಫ್.ನಲ್ಲಿರಲಿ, ಇನ್ನೊಂದು ಪಾಲಿನ ಕಂತು ಏರಿಳಿತ ನೋಡದೆ ನಡೆಯಲಿ. ನಿವೃತ್ತಿ ಹತ್ತಿರವಾದಂತೆ ಅದನ್ನೂ ಸ್ವಲ್ಪಸ್ವಲ್ಪವಾಗಿ ಬ್ಯಾಂಕಿನ ಠೇವಣಿಗೆ ಸಾಗಿಸೋಣ.

ಸಂಬಳದ ದಿನವೇ ಕಂತು ಕಟ್ಟಿ, ಉಳಿದುದರಲ್ಲಿ ಸಂಸಾರ ನಡೆಸೋಣ. ನಿಲ್ಲಿಸಿದ್ದ ಕಂತನ್ನು ನಾವಂತೂ ಮತ್ತೆ ಆರಂಭಿಸಿದ್ದೇವೆ.