ಎರವಲು ತಂದ ಕ್ಯಾಸೆಟ್ಟು



ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಬೂಷ್ಟಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾನು ಮೂಡಿಗೆರೆಯಲ್ಲಿ ಅಧ್ಯಾಪಕನಾಗಿದ್ದಾಗ, ಆಷಾಢ ಕಾಲಿಟ್ಟಿತೆಂದರೆ ಕಪಾಟಿನ ಪುಸ್ತಕಗಳ ರಟ್ಟಿನ ಮೇಲೆ ಬೂದುಬಣ್ಣದ ಪೊರೆ ಏಳುತ್ತಿತ್ತು. 1995ರ ಮಳೆಗಾಲದಲ್ಲಿ ಹೀಗೆ ಕೆಡುವ ವಸ್ತುಗಳ ಸಾಲಿಗೆ ಹೊಸದೊಂದು ಸೇರಿತು: ನನ್ನ ಮಗ ನೆರೆಮನೆಯ ಹುಡುಗನಿಂದ ಎರವಲು ತಂದಿದ್ದ ವಿಡಿಯೋ ಗೇಮಿನ ಕ್ಯಾಸೆಟ್ಟು.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಹೊರತಂದಿತು. ನಮ್ಮ ಪೇಟೆಗಳಿಗೆ ತೊಂಬತ್ತರ ದಶಕದಲ್ಲಿ ಬಂದದ್ದು ಅದರ ಅಗ್ಗದ ನಕಲುಗಳು. ಟಿ.ವಿ.ಗೆ ಜೋಡಿಸಿ ಕ್ಯಾಸೆಟ್ಟು ಸಿಕ್ಕಿಸಿದರೆ ಮಾರಿಯೋ, ಕಾಂಟ್ರಾ ಮುಂತಾದ ಆಟಗಳು. ಕ್ಯಾಸೆಟ್ಟಿನ ಅಂಚಿನ ತಾಮ್ರದ ಹಲ್ಲುಗಳಿಗೆ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತಿತ್ತು. ಹುಡುಗರು ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದರು. ಆ ಉಸಿರಿನ ತೇವವೇ ಕಿಲುಬನ್ನು ಹೆಚ್ಚಿಸುತ್ತದೆಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನನ್ನ ಮಗ ಒಂದು ಹೆಜ್ಜೆ ಮುಂದೆ ಹೋಗಿ, ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ತಡಿಕೆಯಲ್ಲಿ ಅದನ್ನಿಟ್ಟ. ಬೆಳಗಾಗುವಷ್ಟರಲ್ಲಿ ಅದು ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು.

ನಾನು ಚಿಕ್ಕಮಗಳೂರಿಗೆ ಹೋಗಿ, ಅದೇ ಚಿತ್ರವಿದ್ದ ಕ್ಯಾಸೆಟ್ಟೊಂದನ್ನು 150 ರೂಪಾಯಿ ಕೊಟ್ಟು ತಂದು ಒಪ್ಪಿಸಿದೆ. ಸಾಲ ತೀರಿಸಿದ ನೆಮ್ಮದಿಯಲ್ಲಿದ್ದೆ. ಮರುದಿನ ಸಂಜೆ ಹುಡುಗ ನೀರು ಸುರಿಯುವ ಕೊಡೆ ಹಿಡಿದು ಬಾಗಿಲಲ್ಲಿ ನಿಂತ.

"ಸಾರ್, ಇದು ನಂದಲ್ಲ. ಮೇಲಿನ ಚಿತ್ರ ಮಾತ್ರ ಅದೇ, ಒಳಗಿನ ಆಟ ಬೇರೆ."

ಚೀಟಿಯ ಮೇಲೆ ಸಾವಿರಗಟ್ಟಲೆ ಆಟಗಳೆಂದು ಅಚ್ಚಾಗಿತ್ತು. ಒಳಗಿದ್ದ ಕೆಲವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮರುಕಳಿಸುತ್ತಿದ್ದವು. "ಅಷ್ಟೇ ಬೆಲೆ ಕೊಟ್ಟು ತಂದಿದ್ದೇನಲ್ಲಪ್ಪ" ಎಂದೆ, ತುಸು ಗಡುಸಾಗಿಯೇ. ಅವನು ಮಾತಾಡಲಿಲ್ಲ. ಕ್ಯಾಸೆಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ.

ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದವನು ನಾನು. ಒಂದು ಪ್ರತಿಯಂತೆ ಇನ್ನೊಂದು ಪ್ರತಿ ಇರುವುದಿಲ್ಲ, ಪಾಠಾಂತರವನ್ನು ಕಣ್ಣಿಟ್ಟು ನೋಡಬೇಕು ಎಂದು ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದೆ. ಹತ್ತು ವರ್ಷದ ಹುಡುಗ ಅದನ್ನೇ ಹೇಳಿದಾಗ ನನಗೆ ಕೇಳಿಸಲಿಲ್ಲ. ನಕಲು ಮಾಡುವುದೆಲ್ಲ ಕಳ್ಳತನವೆಂದು ನಾನು ಹೇಳಲಾರೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು; ಆ ಸಾವಿರದಲ್ಲಿಯೂ ಕವಿ ಪೊನ್ನನೇ. ಲಿಪಿಕಾರರೋ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಕೊನೆಯಲ್ಲಿ ಬೇಡುತ್ತಿದ್ದರು. ನಾನು ತಂದಂಥ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಆಟವನ್ನು ರಚಿಸಿದವರ ಹೆಸರನ್ನೇ ಅಳಿಸಿಹಾಕಿದ್ದರು. ಹುಡುಗನಿಗೆ ಅವನ ಆಟ ಸಿಗಲಿಲ್ಲ, ರಚಿಸಿದವರಿಗೆ ಬಿಡಿಗಾಸು ಮುಟ್ಟಲಿಲ್ಲ. ನನ್ನ 150 ರೂಪಾಯಿ ಯಾರ ಸಾಲವನ್ನೂ ತೀರಿಸಲಿಲ್ಲ.

ಈ ಹಳೆಯ ಸಂಗತಿ ಮತ್ತೆ ಮೇಲೆದ್ದದ್ದು ಕಳೆದ ಬೇಸಗೆಯಲ್ಲಿ, ಮೊಮ್ಮಗ ರಜೆಗೆ ಬಂದಾಗ. ಕಳಸದ ನೆಂಟರ ಹುಡುಗನೊಬ್ಬ ಅವನಲ್ಲಿ ಒಂದು ಆಟವನ್ನು ಎರವಲು ಕೇಳಿದ. ಕೊಡುವುದಕ್ಕೆ ಕೈಯಲ್ಲಿ ಹಿಡಿಯುವ ವಸ್ತುವೇ ಇಲ್ಲ. ಹಣ ತೆತ್ತು ಇಳಿಸಿಕೊಂಡ ಆಟ ಅವನ ಖಾತೆಗೆ ಅಂಟಿಕೊಂಡಿದೆ. ಹಾಗಾದರೆ ಬಿಟ್ಟಿಯಾಗಿ ಎಲ್ಲಿಂದಲೋ ಇಳಿಸಿಕೊಟ್ಟರಾಯಿತು ಎಂದು ಇಬ್ಬರೂ ತೀರ್ಮಾನಿಸಿದರು.

ನಾನು ಕಾಯಿದೆಯ ಪುಸ್ತಕ ತೆರೆದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಈಗ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸುತ್ತದೆ. ಮಾರಿಯೋ ನಮ್ಮ ಕುಲಬಾಂಧವನೆಂದು ಕನ್ನಡ ಎಂ.ಎ.ಯಲ್ಲಿ ನನಗೆ ಯಾರೂ ಹೇಳಿರಲಿಲ್ಲ! ನ್ಯಾಯವಾಗಿ ಪಡೆದವನು, ತನ್ನ ಪ್ರತಿ ಕಳೆದರೆ, ಕೆಟ್ಟರೆ ಒದಗಲೆಂದು ಮರುಪ್ರತಿ ತೆಗೆದಿಟ್ಟುಕೊಳ್ಳಬಹುದು. ಅದನ್ನು ಹಂಚುವಂತಿಲ್ಲ.

"ಅಂಗಡಿಯಲ್ಲೇ ಸಿಗದ ಹಳೇ ಆಟ ಆದ್ರೆ, ಅಜ್ಜ?" ಎಂದ ಮೊಮ್ಮಗ.

ಇದು ಚೇಷ್ಟೆಯ ಪ್ರಶ್ನೆಯಲ್ಲ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಮಾರಾಟಕ್ಕೇ ಇಲ್ಲವೆಂದು 2023ರಲ್ಲಿ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಕಂಡುಕೊಂಡಿತು. ಭಾರತದಲ್ಲಿ ಮಾರಾಟಕ್ಕೆ ದೊರೆಯದ ಪುಸ್ತಕದ ಮೂರು ಪ್ರತಿಗಳನ್ನು ತನ್ನ ಬಳಕೆಗೆ ತೆಗೆಸಿಕೊಳ್ಳಲು ಸಾರ್ವಜನಿಕ ಗ್ರಂಥಾಲಯಕ್ಕೆ ನಮ್ಮ ಕಾಯಿದೆ ಅವಕಾಶ ಕೊಟ್ಟಿದೆ. ಸಾಹಿತ್ಯಕೃತಿಯೆಂದು ಕರೆದ ಮೇಲೆ ಆಟಗಳಿಗೂ ಅಂಥ ಆಸರೆಯೊಂದನ್ನು ಸ್ಪಷ್ಟವಾಗಿ ಒದಗಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ಮೊಮ್ಮಗನಿಗೆ ಅಷ್ಟನ್ನೇ ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ನೆರೆಮನೆಯ ಆ ಹುಡುಗ ಈಗ ಕಳಸದ ಬಳಿ ಕಾಫಿ ತೋಟ ಮಾಡಿಕೊಂಡಿದ್ದಾನೆ. ಈಚೆಗೆ ಒಂದು ಮದುವೆಯಲ್ಲಿ ಸಿಕ್ಕಾಗ ಹಳೆಯ ಮಾತನ್ನೆತ್ತಿದೆ. ಸೊಟ್ಟಗಾದ ಕ್ಯಾಸೆಟ್ಟು ಇನ್ನೂ ನನ್ನ ಟ್ರಂಕಿನಲ್ಲಿದೆ ಎಂದೆ. ಅವನ ಮುಖ ಅರಳಿತು.

"ಎಸೆದಿಲ್ವಾ ಸಾರ್? ಸುಟ್ಟಿದ್ದು ಮೇಲಿನ ಪ್ಲಾಸ್ಟಿಕ್ಕು ತಾನೇ. ಒಳಗಿನ ಬೋರ್ಡು ಸರಿಯಿದ್ರೆ ಬೇರೆ ಡಬ್ಬಿಗೆ ಹಾಕಿ ನೋಡ್ಬಹುದು."

ಈ ಮೂವತ್ತು ವರ್ಷಗಳಲ್ಲಿ ನಾನು ಅದನ್ನು ಬಿಚ್ಚಿ ನೋಡಿರಲಿಲ್ಲ. ಮಳೆ ಹಿಡಿಯುವ ಮೊದಲು ಕಳಸದ ಬಸ್ಸು ಹತ್ತಿ ಅವನಿಗೆ ಮುಟ್ಟಿಸಿ ಬರಬೇಕೆಂದಿದ್ದೇನೆ.