ಮನೆಯ ಅಡುಗೆ ಮತ್ತು ತೂಕ ಇಳಿಕೆಯ ಜನಪ್ರಿಯ ಮಾರ್ಗಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮದ ಆರೋಗ್ಯವೆಂದೊಡನೆ ಕುಡಿಯುವ ನೀರು, ಚರಂಡಿ, ಲಸಿಕೆ, ಮಕ್ಕಳ ಅಪೌಷ್ಟಿಕತೆ ಮುಂತಾದ ವಿಷಯಗಳು ಪಂಚಾಯಿತಿಯ ಸಭೆಗಳಲ್ಲಿ ಚರ್ಚೆಗೆ ಬರುತ್ತವೆ. ದೇಹದ ತೂಕ ಮಿತಿಮೀರುವುದು ಪಟ್ಟಣದವರ ಸಮಸ್ಯೆ ಎಂಬ ಭಾವನೆ ಇನ್ನೂ ಉಳಿದಿದೆ. ಆದರೆ 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಪುರುಷರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. 2015-16ರ ಸಮೀಕ್ಷೆಯಲ್ಲಿ ಮಹಿಳೆಯರ ಪ್ರಮಾಣ ಸುಮಾರು ಶೇ. 23 ಇತ್ತು. ನಗರಗಳಲ್ಲಿ ಈ ಸಂಖ್ಯೆ ಹೆಚ್ಚಿದ್ದರೂ ಹಳ್ಳಿಗಳು ಇದಕ್ಕೆ ಹೊರತಲ್ಲ.

ಇದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ರಾಜ್ಯದ ಸುಮಾರು ಶೇ. 48ರಷ್ಟು ಮಹಿಳೆಯರು ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅಂದರೆ ತೂಕ ಹೆಚ್ಚಿರುವ ದೇಹದಲ್ಲಿಯೇ ರಕ್ತ ಕಡಿಮೆ ಇರುವುದು ಅಪರೂಪವಲ್ಲ. ಅಂತಹ ಮಹಿಳೆಯು ತೂಕ ಇಳಿಸುವ ಆಸೆಯಿಂದ ಊಟ ಬಿಟ್ಟರೆ ಇದ್ದ ಶಕ್ತಿಯನ್ನೂ ಕಳೆದುಕೊಳ್ಳುತ್ತಾಳೆ. ಆದಕಾರಣ ತೂಕ ಇಳಿಸುವ ಮಾರ್ಗ ಯಾವುದೆಂಬುದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ, ಸಾರ್ವಜನಿಕ ಆರೋಗ್ಯದ ಪ್ರಶ್ನೆ.

ತೂಕ ಏಕೆ ಹೆಚ್ಚುತ್ತಿದೆ?

ಬೀಸುವ ಕಲ್ಲು, ಒರಳು, ಬಾವಿಯ ಹಗ್ಗ ಇವೆಲ್ಲ ಮನೆಗಳಿಂದ ಮರೆಯಾಗಿವೆ. ಉಳುಮೆಗೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕ್ ಬಂದಿವೆ. ದೇಹದ ದುಡಿಮೆ ತಗ್ಗಿದರೂ ತಟ್ಟೆಯ ಅನ್ನದ ರಾಶಿ ತಗ್ಗಿಲ್ಲ. ಅದರ ಜೊತೆಗೆ ಎಣ್ಣೆ, ಸಕ್ಕರೆ, ಬೇಕರಿಯ ತಿನಿಸು, ಪೊಟ್ಟಣದ ಕುರುಕಲು ಸೇರಿಕೊಂಡಿವೆ. ಒಂದು ಗ್ರಾಂ ಹಿಟ್ಟಿನ ಪದಾರ್ಥದಿಂದ 4 ಕಿಲೋಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಎಣ್ಣೆಯಿಂದ 9 ಕಿಲೋಕ್ಯಾಲೊರಿ ದೊರೆಯುತ್ತದೆ. ಕಣ್ಣಿಗೆ ಕಾಣದಂತೆ ತೂಕ ಏರಿಸುವುದು ಬಹುಮಟ್ಟಿಗೆ ಎಣ್ಣೆಯೇ.

ಜನಪ್ರಿಯ ಮಾರ್ಗಗಳ ನಿಜಸ್ಥಿತಿ

ಮೊದಲನೆಯದು, ಬೆಳಗ್ಗೆ ಬಿಸಿನೀರಿಗೆ ಜೇನುತುಪ್ಪ ಮತ್ತು ನಿಂಬೆರಸ ಬೆರೆಸಿ ಕುಡಿಯುವ ಪದ್ಧತಿ. ಇದರಿಂದ ಕೊಬ್ಬು ಕರಗುವುದಿಲ್ಲ. ಜೇನುತುಪ್ಪವೂ ಸಕ್ಕರೆಯ ಒಂದು ರೂಪವೇ. ಮಧುಮೇಹಿಗಳು ಇದನ್ನು ಔಷಧವೆಂದು ಭಾವಿಸುವುದು ಅಪಾಯಕರ.

ಎರಡನೆಯದು, ಅನ್ನವನ್ನು ಪೂರ್ತಿಯಾಗಿ ಬಿಟ್ಟು ರಾಗಿ ಅಥವಾ ಜೋಳಕ್ಕೆ ಬದಲಾಗುವುದು. ಇದರಲ್ಲಿ ಸತ್ಯವೂ ಇದೆ, ತಪ್ಪು ತಿಳಿವಳಿಕೆಯೂ ಇದೆ. ಅಕ್ಕಿ, ರಾಗಿ, ಜೋಳ ಈ ಮೂರೂ 100 ಗ್ರಾಂಗೆ ಸುಮಾರು 320ರಿಂದ 360 ಕಿಲೋಕ್ಯಾಲೊರಿ ಶಕ್ತಿ ಕೊಡುತ್ತವೆ. ವ್ಯತ್ಯಾಸವಿರುವುದು ನಾರಿನಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ ನಾರಿದ್ದರೆ, ರಾಗಿ ಮತ್ತು ಜೋಳದಲ್ಲಿ 10 ಗ್ರಾಂಗಿಂತ ಹೆಚ್ಚು. ನಾರು ಹೊಟ್ಟೆ ತುಂಬಿದ ತೃಪ್ತಿಯನ್ನು ಬೇಗ ನೀಡುತ್ತದೆ. ಹೀಗಿದ್ದರೂ ಒಂದು ಮುದ್ದೆಯ ಜಾಗದಲ್ಲಿ ಎರಡು ಮುದ್ದೆ ಉಂಡರೆ ತೂಕ ಇಳಿಯದು. ಧಾನ್ಯ ಬದಲಾದರೆ ಸಾಲದು, ಪ್ರಮಾಣವೂ ಬದಲಾಗಬೇಕು.

ಮೂರನೆಯದು, ದೀರ್ಘ ಉಪವಾಸ. ವಾರಕ್ಕೊಮ್ಮೆ ಒಪ್ಪತ್ತು ಊಟ ಮಾಡುವ ಆರೋಗ್ಯವಂತರಿಗೆ ಅದರಿಂದ ತೊಂದರೆಯಾಗುವುದು ಕಡಿಮೆ. ಆದರೆ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದು, ಬೆವರು, ನಡುಕ, ಪ್ರಜ್ಞಾಹೀನತೆ ಉಂಟಾಗಬಹುದು. ಹೊಲದಲ್ಲಿ ಒಂಟಿಯಾಗಿ ದುಡಿಯುವವರಿಗೆ ಇದು ಪ್ರಾಣಾಪಾಯ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳು ತೂಕ ಇಳಿಕೆಗಾಗಿ ಉಪವಾಸ ಮಾಡಲೇಬಾರದು.

ನಾಲ್ಕನೆಯದು, ಪುಡಿ, ಕಷಾಯ ಮತ್ತು ಮಾತ್ರೆಗಳು. ತಿಂಗಳಿಗೆ ಹತ್ತು ಕಿಲೋ ಇಳಿಸುವ ಭರವಸೆಯೊಂದಿಗೆ ಇವು ಮನೆಬಾಗಿಲಿಗೇ ಬರುತ್ತವೆ. ಇಂತಹ ಕೆಲವು ಉತ್ಪನ್ನಗಳಲ್ಲಿ ಹೊರಗೆ ಹೇಳದೆ ಔಷಧ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಹಾಗೆ ಪತ್ತೆಯಾದ ಸಿಬುಟ್ರಮಿನ್ ಎಂಬ ಔಷಧವನ್ನು ಹೃದಯಕ್ಕೆ ಅಪಾಯಕರವೆಂಬ ಕಾರಣಕ್ಕೆ ಭಾರತದಲ್ಲಿ 2011ರಲ್ಲಿಯೇ ನಿಷೇಧಿಸಲಾಗಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಅರ್ಧ ಕಿಲೋದಷ್ಟು ತೂಕ ಇಳಿಸುವುದು ಸುರಕ್ಷಿತ. ಅದಕ್ಕಿಂತ ಬಹಳ ವೇಗದ ಭರವಸೆ ನೀಡುವ ಯಾವುದನ್ನಾದರೂ ಸಂಶಯದಿಂದ ನೋಡುವುದೇ ವಿವೇಕ.

ಮನೆಯ ಅಡುಗೆಯಲ್ಲಿಯೇ ಇರುವ ದಾರಿ

ಅದೇ ಮಾರ್ಗಸೂಚಿಯು ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದ ವ್ಯಕ್ತಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು, 27 ಗ್ರಾಂ ಎಣ್ಣೆ-ತುಪ್ಪ ಸಾಕೆಂದು ತಿಳಿಸುತ್ತದೆ. ಇದನ್ನು ಅಡುಗೆಮನೆಯ ಲೆಕ್ಕಕ್ಕೆ ತಂದರೆ, ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವೂ ಸೇರಿ ಸುಮಾರು ಮೂರೂವರೆ ಲೀಟರ್ ಸಾಕು. ಉಪ್ಪು ದಿನಕ್ಕೆ ತಲಾ 5 ಗ್ರಾಂ ಮೀರಬಾರದು. ಹಾಗೆ ನೋಡಿದರೆ ಒಂದು ಕಿಲೋ ಉಪ್ಪಿನ ಪೊಟ್ಟಣ ಅದೇ ಮನೆಗೆ 50 ದಿನ ಬರಬೇಕು. ಎಣ್ಣೆಯ ಕ್ಯಾನು ಮತ್ತು ಉಪ್ಪಿನ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಪ್ರತಿ ಮನೆಯೂ ತನ್ನ ಸ್ಥಿತಿಯನ್ನು ತಾನೇ ತಿಳಿಯಬಹುದು.

ನಾಡಿನ ಅಡುಗೆಯಲ್ಲಿ ಇದಕ್ಕೆ ಬೇಕಾದುದೆಲ್ಲವೂ ಇದೆ. ಬಸ್ಸಾರಿನಲ್ಲಿ ಸೊಪ್ಪು ಮತ್ತು ಕಾಳು ಬೆಂದ ನೀರು ಸಾರಾಗುತ್ತದೆ, ಬಸಿದುಳಿದುದು ಪಲ್ಯವಾಗುತ್ತದೆ, ಏನೂ ವ್ಯರ್ಥವಾಗದು. ಮಸೊಪ್ಪು, ಹುರುಳಿ ಸಾರು, ಹೆಸರುಬೇಳೆ ಕೋಸಂಬರಿ ಇವುಗಳಿಗೆ ಒಗ್ಗರಣೆಗೆ ಬೇಕಾದಷ್ಟೇ ಎಣ್ಣೆ ಸಾಕು. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳುಪಲ್ಯ ಮತ್ತು ಹಸಿ ಮೆಂತ್ಯ ಸೊಪ್ಪಿನ ಊಟ, ಕರಾವಳಿಯ ಕುಚ್ಚಲಕ್ಕಿ ಗಂಜಿ ಮತ್ತು ಮೀನುಸಾರು ಸಮತೋಲನದ ಊಟಗಳೇ. ತಟ್ಟೆಯ ಅರ್ಧಭಾಗ ತರಕಾರಿ, ಸೊಪ್ಪು ಮತ್ತು ಹಣ್ಣಿಗೆ ಮೀಸಲಾಗಬೇಕೆಂಬುದು ಮುಖ್ಯ ನಿಯಮ. ಊಟದೊಂದಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಯಲ್ಲಿಯೇ ಚಹಾ ಅಥವಾ ಕಾಫಿ ಕುಡಿದರೆ ಅದು ತಗ್ಗುತ್ತದೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸಬಾರದು.

ಇಲ್ಲಿ ಒಂದು ಮಾತು ಅಗತ್ಯ. ಅನೇಕ ಮನೆಗಳಲ್ಲಿ ಅಡುಗೆ ಮಾಡಿದವಳೇ ಕೊನೆಗೆ ಉಣ್ಣುತ್ತಾಳೆ. ಆ ಹೊತ್ತಿಗೆ ಪಲ್ಯ ಮತ್ತು ಕಾಳು ಮುಗಿದು ಅನ್ನ ಮತ್ತು ತಿಳಿಸಾರು ಮಾತ್ರ ಉಳಿದಿರುತ್ತವೆ. ತೂಕ ಹೆಚ್ಚಲೂ ರಕ್ತ ಕಡಿಮೆಯಾಗಲೂ ಈ ಒಂದೇ ತಟ್ಟೆ ಕಾರಣವಾಗಬಲ್ಲುದು. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು ಖರ್ಚಿಲ್ಲದ ಔಷಧ. ಅಲ್ಲದೆ, ಮನೆಯ ಅಡುಗೆಯೇ ಬದಲಾಗದಿದ್ದರೆ ಒಬ್ಬರ ಪಥ್ಯ ಬಹುಕಾಲ ನಿಲ್ಲದು.

ಪಂಚಾಯಿತಿಯಿಂದ ಆಗಬೇಕಾದ ಕೆಲಸಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸುವುದು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ಮೀರಿದವರಿಗೆ ನಡೆಯುವ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆಗೆ ಜನರನ್ನು ಕಳುಹಿಸುವುದು.

2. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಅಗತ್ಯವೆಂದು ಪ್ರಚಾರ ಮಾಡುವುದು. ದರ್ಜಿಯ ಟೇಪೊಂದು ಇದಕ್ಕೆ ಸಾಕು. ಆದರೆ ಯಾರ ತೂಕವನ್ನೂ ಅಳತೆಯನ್ನೂ ಸಭೆಯಲ್ಲಿ ಓದಿ ಹೇಳಬಾರದು. ಅವಮಾನಗೊಂಡವರು ಮತ್ತೆ ತಪಾಸಣೆಗೆ ಬರುವುದಿಲ್ಲ.

3. ಸಂಜೆ ಮಹಿಳೆಯರು ನಿರ್ಭಯವಾಗಿ ನಡೆದಾಡಲು ಬೀದಿದೀಪ ಮತ್ತು ರಸ್ತೆಬದಿ ಸರಿಪಡಿಸುವುದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಕತ್ತಲೆಯ ಬೀದಿಯಲ್ಲಿ ಆ ಸಲಹೆ ಪಾಲನೆಯಾಗದು.

4. ಪಂಚಾಯಿತಿಯ ಗೋಡೆ ಮತ್ತು ಬಸ್ ತಂಗುದಾಣಗಳಲ್ಲಿ ಬೊಜ್ಜು ಕರಗಿಸುವ ಔಷಧಗಳ ಜಾಹೀರಾತಿಗೆ ಅವಕಾಶ ಕೊಡದಿರುವುದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954ರ ಅನುಸೂಚಿಯಲ್ಲಿ ಬೊಜ್ಜು ಮತ್ತು ಮಧುಮೇಹ ಎರಡೂ ಸೇರಿವೆ. ಇವುಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದು ಅಪರಾಧ. ಅಂತಹವು ಕಂಡುಬಂದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ಲಿಖಿತವಾಗಿ ತರಬೇಕು.

5. ಪಂಚಾಯಿತಿಯ ಸಭೆಗಳಲ್ಲಿ ಬೋಂಡ ಮತ್ತು ಬಿಸ್ಕತ್ತಿನ ಬದಲು ಕೋಸಂಬರಿ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು, ಮಜ್ಜಿಗೆ ನೀಡುವುದು. ಜನಪ್ರತಿನಿಧಿಗಳ ತಟ್ಟೆಯನ್ನು ಊರು ಗಮನಿಸುತ್ತದೆ.

ಮಾನ್ಯ ಸದಸ್ಯರೇ, ಊಟ ಬಲ್ಲವನಿಗೆ ರೋಗವಿಲ್ಲ ಎಂಬ ನಾಣ್ಣುಡಿ ಎಲ್ಲರಿಗೂ ತಿಳಿದಿದೆ. ಊಟ ಬಲ್ಲವನೆಂದರೆ ಊಟ ಬಿಟ್ಟವನಲ್ಲ. ಏನನ್ನು, ಎಷ್ಟು, ಯಾವಾಗ ಉಣ್ಣಬೇಕೆಂದು ಅರಿತವನು. ಆ ಅರಿವು ಪ್ರತಿ ಮನೆಗೂ ತಲುಪುವಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ ಹಿರಿದು. ಮುಂದಿನ ಸಾಮಾನ್ಯ ಸಭೆಯಲ್ಲಿಯೇ ಮೇಲಿನ ಐದರಲ್ಲಿ ಎರಡನ್ನಾದರೂ ನಿರ್ಣಯವಾಗಿ ಅಂಗೀಕರಿಸಬೇಕೆಂದು ಕೋರಲಾಗಿದೆ.