ಕುಂಚದ ಕಸುಬು

ಕಿಣತ್ತುಕಡವಿನ ಸುತ್ತ, ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮ್ಮಂಥವರ ಮನೆಗಳಲ್ಲಿ ಮಗನೋ ಮಗಳೋ "ಚಿತ್ರ ಬರೆಯುವುದೇ ನನ್ನ ಉದ್ಯೋಗ" ಅಂದರೆ ಹಿರಿಯರು ಮೊದಲು ಕೇಳುವುದು, "ಊಟಕ್ಕೇನು ಮಾಡುತ್ತೀ?" ಈ ಪ್ರಶ್ನೆಯನ್ನು ತಪ್ಪೆನ್ನಲಾರೆ. ಬ್ಯಾಂಕಿನ ಮೇಜಿನ ಹಿಂದೆ ಕೂತು ಆಯುಷ್ಯ ಕಳೆದವನು ನಾನು. ಸಂಬಳದ ಚೀಟಿ ಇಲ್ಲದವರು ಸಾಲದ ಅರ್ಜಿ ನೀಡುವಾಗ ಅವರ ದನಿ ತಗ್ಗುವುದನ್ನು ಕಂಡಿದ್ದೇನೆ. ಹೊಗಳಿಕೆಯಿಂದ ಬರುವ ಧೈರ್ಯ ಒಂದು ವಾರ ಬಾಳೀತು. ಕೈಗೆ ಬರುವ ಕಾಸಿನ ಧೈರ್ಯ ಬೇರೆ.

ಈ ಪ್ರಶ್ನೆಗೆ ಉತ್ತರ ಹುಡುಕಿದವರೊಬ್ಬರು ನಮ್ಮ ಕೊಯಮತ್ತೂರಿನಲ್ಲೇ ಹುಟ್ಟಿದವರು. ಕೆ.ಸಿ.ಎಸ್. ಪಣಿಕ್ಕರ್, 1911ರಲ್ಲಿ ಜನಿಸಿದರು. ಸಂಸಾರದ ಹೊರೆಗಾಗಿ ಓದು ನಿಲ್ಲಿಸಿ ತಂತಿ ಇಲಾಖೆಯಲ್ಲಿ ದುಡಿದು, ಆಮೇಲೆ 1936ರಲ್ಲಿ ಮದರಾಸಿನ ಕಲಾಶಾಲೆ ಸೇರಿದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರಾದರು. ಪ್ರತಿಭೆಯುಳ್ಳ ಶಿಷ್ಯರು ಹೊಟ್ಟೆಪಾಡಿಗಾಗಿ ಬೇರೆ ನೌಕರಿ ಹಿಡಿದು ಕುಂಚ ಬಿಡುವುದು ಅವರಿಗೆ ಸಂಕಟ. ಒಬ್ಬೊಬ್ಬರಾಗಿ ಆಗದ್ದನ್ನು ಒಟ್ಟಾಗಿ ಮಾಡೋಣ ಎಂದರು. ಬಾಟಿಕ್ ಬಟ್ಟೆಯಂಥ ಕರಕುಶಲ ವಸ್ತು ಮಾಡಿ ಮಾರಿದರು. ಆ ಹಣದಲ್ಲೇ ಮದರಾಸಿನ ದಕ್ಷಿಣಕ್ಕೆ, ಇಂಜಂಬಾಕ್ಕಂ ಬಳಿಯ ಕಡಲ ದಂಡೆಯ ಮರಳು ನೆಲವನ್ನು ಕೊಂಡರು. 1966ರಲ್ಲಿ ಅಲ್ಲಿ ಚೋಳಮಂಡಲ ಕಲಾಗ್ರಾಮ ಎದ್ದಿತು. ಕರಕುಶಲದಿಂದ ಅನ್ನ, ಉಳಿದ ಹೊತ್ತು ಚಿತ್ರ ಮತ್ತು ಶಿಲ್ಪ. ಬಾಟಿಕ್ ಮಾಡಿದರೆ ಕಲಾವಿದನ ಮಾನ ಹೋಗುತ್ತದೆಂದು ಮೂಗು ಮುರಿದವರಿಗೆ ಆ ಊರೇ ಉತ್ತರ.

ಅಲ್ಲಿದ್ದವರಲ್ಲಿ ನಮ್ಮವರೂ ಒಬ್ಬರು, ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್. ತಮಿಳುನಾಡಿಗೆ ಬಂದು ಕಲಿತರು, ಕನ್ನಡದ ನಂಟು ಬಿಡಲಿಲ್ಲ. 1970ರ 'ಸಂಸ್ಕಾರ' ಚಿತ್ರಕ್ಕೆ ಕಲಾನಿರ್ದೇಶನ ಮಾಡಿದರು, ಎ.ಕೆ. ರಾಮಾನುಜನ್ ಅವರ ಕವಿತೆಗಳನ್ನು ಓದಿ ಚಿತ್ರ ಬರೆದರು. ಕವಿ, ನಾಟಕಕಾರ, ಸಿನಿಮಾದವರು ಎಲ್ಲರೊಡನೆಯೂ ಕೆಲಸದ ಸ್ನೇಹ. ಬರಿಯ ಪರಿಚಯವಲ್ಲ, ಗಮನಿಸಿ. ಒಪ್ಪಿದ ಕೆಲಸವನ್ನು ಒಪ್ಪಿದ ದಿನಕ್ಕೆ ಮುಗಿಸಿಕೊಟ್ಟರೆ ಮಾತ್ರ ಅಂಥ ಸ್ನೇಹ ಉಳಿಯುವುದು.

ನಮ್ಮೂರ ಕಡೆ ಗೋಡೆಗೆ, ಅಂಗಡಿ ಫಲಕಕ್ಕೆ ಬಣ್ಣ ಬರೆಯುತ್ತಿದ್ದವರ ಕೆಲಸವನ್ನು ಫ್ಲೆಕ್ಸ್ ಹಾಳೆ ಬಹುಮಟ್ಟಿಗೆ ಕಿತ್ತುಕೊಂಡಿತು. ಉಳಿದ ಕೆಲಸಕ್ಕಾದರೂ ಲೆಕ್ಕ ಬೇಕು. ದರ ಎಷ್ಟು, ಮುಂಗಡ ಎಷ್ಟು, ಯಾವ ದಿನ ಕೊಡಬೇಕು, ಇವನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. "ನಿಮಗೆ ತೋಚಿದಷ್ಟು ಕೊಡಿ" ಎನ್ನುವುದು ವಿನಯದಂತೆ ಕೇಳುತ್ತದೆ. ಕೊನೆಗೆ ಕಾಸೂ ಇಲ್ಲ, ಸ್ನೇಹವೂ ಇಲ್ಲ.

ಇನ್ನೊಂದು ಸಂಗತಿ, ಮಗ್ಗದ ಮನೆಯವರಿಗೆ. ವಾಸುದೇವ್ ತಮ್ಮ ಚಿತ್ರಗಳನ್ನು ರೇಷ್ಮೆಯಲ್ಲಿ ನೇಯಿಸಿದ್ದು ಸುಬ್ಬರಾಯುಲು ಎಂಬ ನೇಕಾರರ ಜೊತೆಗೂಡಿ. ಚಿತ್ರದ ಬಣ್ಣ ನೂಲಿನಲ್ಲಿ ಹೇಗೆ ಇಳಿಯಬೇಕೆಂದು ತಿಳಿದ ಕೈ ನೇಕಾರನದು. ನಮ್ಮ ದೇವಾಂಗದವರ ಬೀದಿಗಳಲ್ಲಿ ಮಗ್ಗ ನಿಲ್ಲಿಸಿ ಸುಮ್ಮನೆ ಕೂತಿರುವ ಅಂಥ ಹಿರಿಯರಿದ್ದಾರೆ. ಚಿತ್ರ ಕಲಿಯುತ್ತಿರುವ ಮಕ್ಕಳೇ, ಒಂದು ಭಾನುವಾರ ಅವರ ಜಗಲಿಗೆ ಹೋಗಿ ಕೂತು ಬನ್ನಿ.